ಓದುಗರ ಪ್ರಶ್ನೆ: ಒಂದs ದಿನದಾಗ ಬಾದಾಮಿ, ಪಟ್ಟದಕಲ್ಲು, ಐಹೊಳಿ ಮುಗೀತಾವೇನ್ರಿ?

ಬನಶಂಕರಿಗೆ ನಡೆದುಕೊಳ್ಳುವ ಮನೆತನಗಳು ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಓಣಿಗೊಂದಿಷ್ಟು ಸಿಗುತ್ತವೆ. ದೇವಿಗೆ ಉಡಿ ತುಂಬಿ, ರೊಟ್ಟಿ ಉಂಡು, ಬಂದ ಗಾಡಿಯಲ್ಲೇ ಮರಳುವವರು ಬಹಳ. ಸುತ್ತಲಿನದನ್ನೂ ಅದೇ ದಿನ ನೋಡಿಕೊಂಡು ಬರಬೇಕೆಂಬವರು ಕಳಿಸಿದ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇವೆ.

ನಾವು ವಿಜಯಪುರದವರು. ಗಂಡ-ಹೆಂಡತಿ, ಎಂಟು ಮತ್ತು ಹನ್ನೆರಡು ವರ್ಷದ ಇಬ್ಬರು ಮಕ್ಕಳು. ಸ್ವಂತ ಕಾರಿದೆ. ಬಾದಾಮಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಈ ಆರನ್ನೂ ಒಂದು ರವಿವಾರ ಮುಗಿಸಬೇಕೆಂದಿದೆ. ಹೋದ ವರ್ಷ ಬಾದಾಮಿಯಿಂದ ಸುರು ಮಾಡಿದ್ದೆವು. ಪಟ್ಟದಕಲ್ಲಿಗೆ ಹೋಗುವಷ್ಟರಲ್ಲಿ ಸುಡುಬಿಸಿಲು, ಮಕ್ಕಳು ಅತ್ತವು, ಐಹೊಳೆ ಹಾಗೇ ಉಳಿಯಿತು. ಎಲ್ಲಿ ತಪ್ಪಿತು?
– ಗೃಹಿಣಿ, ವಿಜಯಪುರ

ತಪ್ಪಿದ್ದು ಕ್ರಮದಲ್ಲಿ. ಬಾದಾಮಿ ಗುಡ್ಡಗಳ ನಡುವಿನ ಊರು, ಸಂಜೆಗೆ ಚೆಂದ. ಐಹೊಳೆ, ಪಟ್ಟದಕಲ್ಲುಗಳು ಬಯಲು. ಅಲ್ಲಿ ಗುಡಿಯಿಂದ ಗುಡಿಗೆ ಹೋಗುವಾಗ ತಲೆಯ ಮೇಲೆ ನೆರಳಿಲ್ಲ, ಕಾಲ ಕೆಳಗಿನ ಹಾಸುಗಲ್ಲು ಹನ್ನೊಂದರ ಮೇಲೆ ಕಾದ ಹಂಚಿನಂತಾಗುತ್ತದೆ. ಬಾದಾಮಿಯನ್ನು ಬೆಳಿಗ್ಗೆ ಮುಗಿಸಿದರೆ ಬಯಲಿನ ಪಾಲಿಗೆ ನಡುಮಧ್ಯಾಹ್ನವೇ ಉಳಿಯುತ್ತದೆ. ಆದ್ದರಿಂದ ಬಯಲು ಮೊದಲು, ಬಾದಾಮಿ ಕೊನೆಗೆ. ವಿಜಯಪುರದವರಿಗೆ ಇದು ದಾರಿಯ ಲೆಕ್ಕಕ್ಕೂ ಸರಿ ಹೊಂದುತ್ತದೆ. ಹುನಗುಂದದ ತನಕ ಹೆದ್ದಾರಿ, ಅಲ್ಲಿ ಬಾಗಲಕೋಟೆ ರಸ್ತೆಗೆ ಹೊರಳಿ ಅಮೀನಗಡ, ಅಮೀನಗಡದಿಂದ ಐಹೊಳೆ. ಬಾದಾಮಿಗೆ ಹೋಗಿ ಹಿಂದೆ ಬರುವ ಪ್ರಮೇಯವೇ ಇಲ್ಲ.

ನಸುಕಿನ ನಾಲ್ಕೂವರೆಗೆ ಮನೆ ಬಿಟ್ಟರೆ ಏಳರ ಸುಮಾರಿಗೆ ಐಹೊಳೆ. ಮೊದಲು ಮೇಗುತಿ ಗುಡ್ಡ ಹತ್ತಿ ಇಳಿದುಬಿಡಿ, ಮುಕ್ಕಾಲು ತಾಸು ಸಾಕು. ಆಮೇಲೆ ದುರ್ಗಗುಡಿ ಆವರಣಕ್ಕೆ ಒಂದು ತಾಸು, ರಾವಳಫಡಿ ಗುಹೆಗೆ ಇಪ್ಪತ್ತು ನಿಮಿಷ. ಒಂಬತ್ತೂಕಾಲಿಗೆ ಅಲ್ಲಿಂದ ಹೊರಟರೆ ಹದಿಮೂರು ಕಿಲೋಮೀಟರು ದೂರದ ಪಟ್ಟದಕಲ್ಲಿಗೆ ಒಂಬತ್ತೂಮುಕ್ಕಾಲು. ಇಲ್ಲಿ ಎರಡು ತಾಸಿಗಿಂತ ಕಡಿಮೆ ಮಾಡಬೇಡಿ. ಹನ್ನೆರಡಕ್ಕೆ ಬಿಟ್ಟು ಬಾದಾಮಿ ದಾರಿ ಹಿಡಿದು, ನಡುವೆ ಮಹಾಕೂಟಕ್ಕೆ ಹೊರಳಿ. ಮರಗಳ ತಂಪಿದೆ, ಪುಷ್ಕರಿಣಿಯಿದೆ, ಮಧ್ಯಾಹ್ನಕ್ಕೆ ಅದೇ ಸರಿಯಾದ ಜಾಗ. ಒಂದೂವರೆಗೆ ಬನಶಂಕರಿ, ದರ್ಶನ, ಅಲ್ಲೇ ಊಟ. ಮೂರಕ್ಕೆ ಬಾದಾಮಿಯ ಮೇಣಬಸದಿಯ, ಅಂದರೆ ಗುಹೆಗಳ, ಮೆಟ್ಟಿಲ ಬುಡ. ಐದರೊಳಗೆ ನಾಲ್ಕೂ ಗುಹೆ ನೋಡಿ ಇಳಿದು, ಅಗಸ್ತ್ಯತೀರ್ಥದ ದಂಡೆ ಹಿಡಿದು ಭೂತನಾಥನ ಗುಡಿಗೆ ನಡೆಯಿರಿ. ಗುಡಿ ಹೊಂಡದ ಮೂಡಣ ತುದಿಯಲ್ಲಿದೆ, ಮುಖ ಪಡುವಣಕ್ಕೆ. ಇಳಿಬಿಸಿಲು ನೇರ ಅದರ ಮೇಲೇ ಬಿದ್ದು ಕಲ್ಲು ಕೆಂಪೇರುತ್ತದೆ. ಬೆಳಿಗ್ಗೆ ಹೋದವರಿಗೆ ಇದು ದಕ್ಕುವುದಿಲ್ಲ.

ಕೂಡಲಸಂಗಮವನ್ನು ಈ ಪಟ್ಟಿಯಿಂದ ತೆಗೆಯಿರಿ. ಬಸವಣ್ಣನವರ ಐಕ್ಯಮಂಟಪಕ್ಕೆ ಹೋಗಿ ಹತ್ತು ನಿಮಿಷದಲ್ಲಿ ಎದ್ದುಬರುವುದು ಸರಿಯಲ್ಲ. ನಿಮ್ಮ ಊರಿಂದ ಅದು ಹೆದ್ದಾರಿಯ ಮಗ್ಗುಲಲ್ಲೇ ಇದೆ, ಬೇರೆ ದಿನ ಅದಕ್ಕೆಂದೇ ಹೋಗಿ.

ಇನ್ನು ಮೂರು ಸಣ್ಣ ಮಾತು. ಮಕ್ಕಳಿಗೂ ದೊಡ್ಡವರಿಗೂ ದಪ್ಪ ಹತ್ತಿಯ ಕಾಲುಚೀಲ ಒಂದೊಂದು ಜೊತೆ ಇಟ್ಟುಕೊಳ್ಳಿ, ಚಪ್ಪಲಿ ಬಿಟ್ಟು ನಡೆಯುವಲ್ಲಿ ಕಾಲು ಸುಡುವುದಿಲ್ಲ. ತಲೆಗೆ ಎರಡು ಲೀಟರಿನಂತೆ ನೀರು ಕಾರಿನಲ್ಲಿರಲಿ. ಮರಳುವಾಗ ಕಬ್ಬಿನ ಹಂಗಾಮಿದ್ದರೆ, ಅಂದರೆ ಕಾರ್ತೀಕ ಮುಗಿದ ಮೇಲಿಂದ ಶಿವರಾತ್ರಿ ಆಚೀಚೆಯವರೆಗೆ, ಕತ್ತಲಲ್ಲಿ ವೇಗ ಬೇಡವೇ ಬೇಡ. ಎರಡೆರಡು ಡಬ್ಬಿ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳಿಗೆ ಹಿಂದೆ ದೀಪವಿರುವುದಿಲ್ಲ, ಕಬ್ಬಿನ ತುದಿ ಡಬ್ಬಿಯಿಂದ ಹೊರಗೆ ಚಾಚಿರುತ್ತದೆ. ಎದುರಿನ ಗಾಡಿಯ ಬೆಳಕು ಕಣ್ಣಿಗೆ ಹೊಡೆದಾಗ ಅದು ಕಾಣುವುದೇ ಇಲ್ಲ.

ನಾವಿಬ್ಬರು ಅಕ್ಕ-ತಂಗಿ, ಗೋಕಾಕ ಕಡೆಯವರು. ಗಾಡಿಯಿಲ್ಲ. ಬಸ್ಸಿನಲ್ಲಿ ಇಷ್ಟೂ ಆಗುತ್ತದೆಯೇ? ಹಿಂದಿನ ರಾತ್ರಿ ಬಾದಾಮಿಯಲ್ಲಿ ಉಳಿಯುತ್ತೇವೆ.
– ಅಂಗನವಾಡಿ ಕಾರ್ಯಕರ್ತೆ, ಗೋಕಾಕ ತಾಲ್ಲೂಕು

ಇಷ್ಟೂ ಆಗುವುದಿಲ್ಲ ತಂಗಿ, ಮೂರು ಆಗುತ್ತವೆ. ಪಟ್ಟದಕಲ್ಲು, ಬನಶಂಕರಿ, ಬಾದಾಮಿ. ಬಸ್ಸಿನವರ ವೇಳೆ ಕಳೆಯುವುದು ಪ್ರಯಾಣದಲ್ಲಲ್ಲ, ಕಾಯುವುದರಲ್ಲಿ. ಐಹೊಳೆ ಸೇರಿಸಿದಿರೋ, ಎರಡು ಸಲ ಕಾದು ಕೂತು ಮಧ್ಯಾಹ್ನವೆಲ್ಲ ಹೋಗುತ್ತದೆ.

ಬೆಳಿಗ್ಗೆ ಎದ್ದವರೇ ಬಾದಾಮಿ ಬಸ್‌ ನಿಲ್ದಾಣದಿಂದ ಪಟ್ಟದಕಲ್ಲಿನ ಮೊದಲ ಬಸ್ಸು ಹಿಡಿಯಿರಿ. ದೂರ 22 ಕಿಲೋಮೀಟರು. ಇಳಿಯುವಾಗಲೇ ಕಂಡಕ್ಟರನ್ನು ಕೇಳಿ, ಬಾದಾಮಿಗೆ ತಿರುಗಿ ಬರುವ ಗಾಡಿ ಎಷ್ಟಕ್ಕೆ, ಅದು ತಪ್ಪಿದರೆ ಮುಂದಿನದು ಎಷ್ಟಕ್ಕೆ, ಎರಡನ್ನೂ. ಒಂದನ್ನೇ ಕೇಳಿಕೊಂಡವರು ಅದು ತಪ್ಪಿದಾಗ ಪೇಚಿಗೆ ಬೀಳುತ್ತಾರೆ. ಮಧ್ಯಾಹ್ನದೊಳಗೆ ಬಾದಾಮಿಗೆ ಬಂದು, ಐದು ಕಿಲೋಮೀಟರಿನ ಬನಶಂಕರಿಗೆ ಟಂಟಂ ಆಟೋ ಹಿಡಿಯಿರಿ. ಶೇರಿಂಗ್ ಟಂಟಂ ತುಂಬಿದರೆ ಹೊರಡುತ್ತದೆ. ‘ಸ್ಪೆಷಲ್’ ಬೇಕೋ ಬೇಡವೋ ಎಂಬುದನ್ನು ಹತ್ತುವ ಮುಂಚೆ ಬಾಯಿಬಿಟ್ಟು ಹೇಳಿ, ದರ ಆಗಲೇ ಕಡಿದುಕೊಳ್ಳಿ. ಮೂರಕ್ಕೆ ಮತ್ತೆ ಬಾದಾಮಿ, ಮುಂದಿನದು ಮೇಲೆ ಹೇಳಿದಂತೆಯೇ.

ಶಕ್ತಿ ಯೋಜನೆಯಲ್ಲಿ ಸಾರಿಗೆ ಬಸ್ಸು ನಿಮಗೆ ಉಚಿತ. ಆದರೆ ಗುರುತಿನ ಚೀಟಿ ತೋರಿಸಬೇಕು, ಶೂನ್ಯ ಟಿಕೆಟು ಕೇಳಿ ಪಡೆದು ಇಳಿಯುವ ತನಕ ಕೈಯಲ್ಲಿರಬೇಕು. ರೈಲಿಗೆ ಬರುವವರು ನೆನಪಿಡಬೇಕಾದ್ದು: ಬಾದಾಮಿ ಸ್ಟೇಷನ್ನು ಊರಿಂದ ಐದು ಕಿಲೋಮೀಟರು ಹೊರಗಿದೆ. ಸಂಜೆಯ ರೈಲು ಹಿಡಿಯುವವರು ಆ ಅರ್ಧ ತಾಸನ್ನು ಮರೆತೇ ರೈಲು ತಪ್ಪಿಸಿಕೊಳ್ಳುತ್ತಾರೆ.

ಟಿಕೆಟು ಎಷ್ಟು? ಎಲ್ಲ ದಿನ ತೆರೆದಿರುತ್ತದೆಯೇ?
– ಓದುಗ, ಮುಧೋಳ

ಪುರಾತತ್ವ ಇಲಾಖೆಯ ದರ ಭಾರತೀಯರಿಗೆ ಪಟ್ಟದಕಲ್ಲಿನಲ್ಲಿ 40 ರೂಪಾಯಿ, ಬಾದಾಮಿ ಗುಹೆ ಮತ್ತು ಐಹೊಳೆ ದುರ್ಗಗುಡಿ ಆವರಣಕ್ಕೆ 25. ಆನ್‌ಲೈನಿನಲ್ಲಿ ಐದು ರೂಪಾಯಿ ಕಡಿಮೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟಿಲ್ಲ. ಗೇಟಿನ ಮುಂದೆ ನಿಂತು ಮೊಬೈಲು ಎತ್ತಿ ಸಿಗ್ನಲ್ ಹುಡುಕುವುದಕ್ಕಿಂತ ಹಿಂದಿನ ರಾತ್ರಿಯೇ ಟಿಕೆಟು ತೆಗೆದು ಫೋಟೊ ಉಳಿಸಿಕೊಳ್ಳಿ, ಜೇಬಿನಲ್ಲಿ ಚಿಲ್ಲರೆಯೂ ಇರಲಿ. ಗುಡಿ, ಗುಹೆಗಳಿಗೆ ರಜೆಯಿಲ್ಲ. ಬಾದಾಮಿ, ಐಹೊಳೆ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ಶುಕ್ರವಾರ ದೇವಿಯ ವಾರವೆಂದು ಅಂದೇ ಬರುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ವಸ್ತುಸಂಗ್ರಹಾಲಯ ಮುಖ್ಯವೆನಿಸಿದರೆ ಬೇರೆ ವಾರ ನೋಡಿ.

ನಮ್ಮ ಅವ್ವನಿಗೆ ಮೊಣಕಾಲು ನೋವು. ವಯಸ್ಸು ಎಪ್ಪತ್ತೆರಡು. ಬನಶಂಕರಿಗೆ ಹೋಗಲೇಬೇಕೆನ್ನುತ್ತಾಳೆ. ಉಳಿದ ಕಡೆ ಅವಳನ್ನು ಕಾರಿನಲ್ಲೇ ಕೂರಿಸಬೇಕೇ?
– ಬ್ಯಾಂಕ್ ಉದ್ಯೋಗಿ, ಜಮಖಂಡಿ

ಕಾರಿನಲ್ಲಿ ಕೂರಿಸಬೇಡಿ. ಪಟ್ಟದಕಲ್ಲು ಸಮತಟ್ಟು. ಹುಲ್ಲುಹಾಸಿನ ನಡುವೆ ಕಾಲುದಾರಿಯಿದೆ, ಗುಡಿಗಳು ಅಕ್ಕಪಕ್ಕದಲ್ಲೇ ಇವೆ. ಪಾಪನಾಥ ಗುಡಿಯೊಂದು ಸ್ವಲ್ಪ ದೂರ, ಅದನ್ನು ಬಿಡಬಹುದು. ವಿರೂಪಾಕ್ಷನ ಗುಡಿಯ ಮೆಟ್ಟಿಲು ಎತ್ತರ, ಅಲ್ಲಿ ಮಾತ್ರ ಒಬ್ಬರು ಮುಂದೆ, ಒಬ್ಬರು ಹಿಂದೆ ಇರಿ. ಐಹೊಳೆಯ ದುರ್ಗಗುಡಿ ಆವರಣವೂ ಸಮತಟ್ಟೇ, ಮೇಗುತಿ ಬೇಡ.

ಬಾದಾಮಿಯಲ್ಲಿ ನಾಲ್ಕನೆಯ ಗುಹೆಯವರೆಗೆ ಹತ್ತುವುದೆಂದರೆ ಇನ್ನೂರರ ಆಸುಪಾಸು ಮೆಟ್ಟಿಲು. ಎಣಿಕೆಗಿಂತ ತೊಂದರೆ ಕೊಡುವುದು ಎತ್ತರ. ಒಂದು ಮೆಟ್ಟಿಲು ಗೇಣುದ್ದ, ಮುಂದಿನದು ಅದರ ಒಂದೂವರೆಯಷ್ಟು. ಸಮ ಮೆಟ್ಟಿಲಿಗೆ ಒಗ್ಗಿದ ಮೊಣಕಾಲು ಇಲ್ಲಿ ಲೆಕ್ಕ ತಪ್ಪುತ್ತದೆ, ಅದೂ ಇಳಿಯುವಾಗ. ಮೊದಲ ಗುಹೆಗೆ ಮೆಟ್ಟಿಲು ಕಡಿಮೆ. ಅವ್ವನನ್ನು ಅಲ್ಲಿಯವರೆಗೆ ನಿಧಾನ ಕರೆದುಕೊಂಡು ಹೋಗಿ, ಹದಿನೆಂಟು ಕೈಯ ನಟರಾಜನ ಮುಂದೆ ನಿಲ್ಲಿಸಿ. ಮೇಲಿನ ಮೂರನ್ನು ನೋಡದಿದ್ದರೂ ಬಾದಾಮಿಗೆ ಬಂದದ್ದು ಸಾರ್ಥಕವೇ. ಇಳಿಯುವಾಗ ಅಡ್ಡಡ್ಡಲಾಗಿ, ನೋವಿನ ಕಾಲನ್ನು ಮೊದಲು ಕೆಳಗಿಟ್ಟು ಇಳಿಯಲಿ. ಕೈಯಲ್ಲೊಂದು ಕೋಲಿದ್ದರೆ ಮಂಗಗಳಿಗೂ ಆಯಿತು.

ಮಂಗಗಳ ಕಾಟ ನಿಜವೇ?
– ವಿದ್ಯಾರ್ಥಿನಿ, ಅಥಣಿ

ನಿಜ. ಅವು ನೋಡುವುದು ಕೈಯಲ್ಲಿನ ಪ್ಲಾಸ್ಟಿಕ್ ಚೀಲ, ಬಾಟಲಿ, ಹಣ್ಣು. ಚೀಲವೆಂದರೆ ತಿನಿಸು ಎಂದು ಪ್ರವಾಸಿಗರೇ ಕಲಿಸಿದ್ದಾರೆ. ತಿನ್ನುವ ಸಾಮಾನು ಕಾರಿನಲ್ಲೇ ಬಿಟ್ಟು, ನೀರನ್ನು ಮುಚ್ಚಿದ ಬೆನ್ನುಚೀಲದಲ್ಲಿಡಿ. ಕಸಿದರೆ ಬಿಟ್ಟುಬಿಡಿ. ಎಳೆದಾಡಿದರೆ ಕಚ್ಚುತ್ತವೆ, ಹಲ್ಲು ಕಿಸಿದು ನಕ್ಕರೆ ಅವಕ್ಕದು ಜಗಳಕ್ಕೆ ಕರೆದಂತೆ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಲ್ಲಿ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದಿನ ವಿಚಾರ ಕೇಳಿ.

ಹೋದಾಗಲೆಲ್ಲ ಒಂದು ಗುಡಿ ನೋಡಿದ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ. ಏನನ್ನು ನೋಡಬೇಕು? ಗೈಡ್ ಇಲ್ಲದವರಿಗೆ ತಿಳಿಯುವಂತೆ ಹೇಳಿ.
– ಪದವಿ ವಿದ್ಯಾರ್ಥಿ, ಬಾಗಲಕೋಟೆ

ಬಹಳ ಮಂದಿ ಕೇಳದೆ ನುಂಗಿಕೊಳ್ಳುವ ಪ್ರಶ್ನೆ ಇದು. ಒಂದೊಂದು ಜಾಗದಲ್ಲಿ ಎರಡೋ ಮೂರೋ ಸಂಗತಿಯನ್ನು ಹುಡುಕಿಕೊಂಡು ಹೋಗಿ, ಉಳಿದದ್ದು ತಾನಾಗಿ ಕಾಣತೊಡಗುತ್ತದೆ.

ಐಹೊಳೆಯ ಲಾಡಖಾನ್ ಗುಡಿಯ ಚಾವಣಿ ನೋಡಿ. ಚಪ್ಪಡಿಗಳ ಸಂದಿಯ ಮೇಲೆ ಉದ್ದುದ್ದ ಕಲ್ಲಿನ ಪಟ್ಟಿ ಕೂರಿಸಿದ್ದಾರೆ, ಥೇಟ್ ಮರದ ತೊಲೆಯಂತೆ. ಮರದಲ್ಲಿ ಕಟ್ಟುತ್ತಿದ್ದ ಕೈ ಕಲ್ಲಿಗೆ ಹೊರಳಿದ ಗುರುತು ಅದು, ಮಳೆನೀರು ಸಂದಿಯಲ್ಲಿ ಇಳಿಯದಂತೆಯೂ ತಡೆಯುತ್ತದೆ. ದುರ್ಗಗುಡಿ ದುರ್ಗಾದೇವಿಯದಲ್ಲ. ಸೂರ್ಯನಿಗೆಂದು ಕಟ್ಟಿದ್ದು, ಕೋಟೆಯ ಭಾಗವಾಗಿದ್ದರಿಂದ ದುರ್ಗದ ಗುಡಿ. ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಿದೆ. ಹೊರಗಿನ ಕಂಬಸಾಲಿನಲ್ಲಿ ಪ್ರದಕ್ಷಿಣೆ ಬಂದರೆ ಗೂಡುಗಳಲ್ಲಿ ಮಹಿಷಮರ್ದಿನಿ, ವರಾಹ, ನರಸಿಂಹ, ಹರಿಹರ ಒಬ್ಬೊಬ್ಬರೇ ಎದುರಾಗುತ್ತಾರೆ. ಮೇಗುತಿ ಬಸದಿಯ ಮೂಡಣ ಗೋಡೆಯಲ್ಲಿ ರವಿಕೀರ್ತಿ ಬರೆದ ಶಾಸನವಿದೆ. ಶಕ 556, ಅಂದರೆ ಕ್ರಿ.ಶ. 634ರದು. ಲಿಪಿ ಹಳೆಗನ್ನಡದ್ದು, ಭಾಷೆ ಸಂಸ್ಕೃತ. ಇಮ್ಮಡಿ ಪುಲಕೇಶಿಯ ಮುಂದೆ ಹರ್ಷನ ಹರ್ಷವೇ ಇಂಗಿಹೋಯಿತು ಎಂಬ ಶ್ಲೇಷೆ ಅದರಲ್ಲಿದೆ. ಕಾಳಿದಾಸ, ಭಾರವಿಯರ ಹೆಸರೂ ಇದೆ. ಆ ಕವಿಗಳ ಕಾಲವನ್ನು ವಿದ್ವಾಂಸರು ಗೊತ್ತುಮಾಡುವಾಗ ಈ ಗೋಡೆಯತ್ತಲೇ ನೋಡುತ್ತಾರೆ.

ಪಟ್ಟದಕಲ್ಲಿನಲ್ಲಿ ಒಳಗೆ ನುಗ್ಗುವ ಮುಂಚೆ ತಲೆಯೆತ್ತಿ ಶಿಖರಗಳನ್ನು ಹೋಲಿಸಿ. ಕಾಡಸಿದ್ಧೇಶ್ವರ, ಜಂಬುಲಿಂಗ, ಗಳಗನಾಥ ಗುಡಿಗಳಲ್ಲಿ ಶಿಖರ ಬುಡದಿಂದ ತುದಿಗೆ ಒಂದೇ ಬಾಗಿನಲ್ಲಿ ಏರುತ್ತದೆ, ಅದು ಉತ್ತರದ ನಾಗರ ಕ್ರಮ. ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನಗಳಲ್ಲಿ ಮಹಡಿ ಮೇಲೆ ಮಹಡಿ ಇಟ್ಟಂತೆ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಹೋಗುತ್ತದೆ, ಇದು ದ್ರಾವಿಡ. ಎರಡೂ ಒಂದೇ ಅಂಗಳದಲ್ಲಿ ಇವೆ. 1987ರಲ್ಲಿ ಇದು ವಿಶ್ವಪರಂಪರೆಯ ತಾಣವಾಯಿತು. ಇಷ್ಟು ಗೊತ್ತಿದ್ದರೆ ಗುಡಿಗಳು ‘ಒಂದೇ ಥರ’ ಕಾಣುವುದು ಅಲ್ಲಿಗೇ ನಿಲ್ಲುತ್ತದೆ.

ವಿರೂಪಾಕ್ಷನ ಗುಡಿ ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ, ಎಂಟನೆಯ ಶತಮಾನದ ನಡುಭಾಗದಲ್ಲಿ. ಮಗ್ಗುಲಿನ ಮಲ್ಲಿಕಾರ್ಜುನ ಅವಳ ತಂಗಿ, ಅದೇ ಅರಸನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ಶಿಲ್ಪಿ ಗುಂಡನ ಹೆಸರನ್ನೂ ಶಾಸನ ಉಳಿಸಿದೆ. ಮೂಡಣ ಮುಖಮಂಟಪದಲ್ಲಿ ನಿಂತು ಕತ್ತು ಮೇಲೆತ್ತಿ, ಚಾವಣಿಯಲ್ಲಿ ಸೂರ್ಯನ ರಥ, ಏಳು ಕುದುರೆ. ಒಳಗೆ ಕಂಬಗಳ ಮೇಲೆ ಅಂಗೈಯಗಲದ ಪಟ್ಟಿಗಳಲ್ಲಿ ರಾಮಾಯಣ, ಭಾರತ ಕೆತ್ತಿದ್ದಾರೆ. ಸೀತೆಯನ್ನು ಒಯ್ಯುವ ರಾವಣನಿಗೆ ಅಡ್ಡಬಂದ ಜಟಾಯುವನ್ನು ಮಕ್ಕಳಿಂದಲೇ ಹುಡುಕಿಸಿ. ಒಳಗೆ ಬೆಳಕು ಜಾಲಂಧ್ರಗಳಿಂದ, ಅಂದರೆ ತೂತು ಕೊರೆದ ಕಲ್ಲಿನ ಕಿಟಕಿಗಳಿಂದ, ಬರುವುದಷ್ಟೇ. ಬಿಸಿಲಿಂದ ಬಂದ ಕಣ್ಣಿಗೆ ಏನೂ ಕಾಣುವುದಿಲ್ಲ. ಐದು ನಿಮಿಷ ಸುಮ್ಮನೆ ಕೂಡಿ, ಕಂಬಗಳು ಕತ್ತಲಿನಿಂದ ಒಂದೊಂದಾಗಿ ಹೊರಬರುತ್ತವೆ.

ಬಾದಾಮಿಯ ಮೊದಲ ಗುಹೆಯ ಹೊರಗೆ ಬಲಕ್ಕೆ ನಟರಾಜ. ಎಡಕ್ಕೆ ಒಂಬತ್ತು, ಬಲಕ್ಕೆ ಒಂಬತ್ತು ಕೈ. ಎಡದ ಯಾವುದಾದರೂ ಒಂದನ್ನು ಬಲದ ಒಂದರೊಡನೆ ಜೋಡಿಸಿ, ಉಳಿದವನ್ನು ಮನಸ್ಸಿನಲ್ಲಿ ಅಳಿಸಿ ನೋಡಿ, ಒಂದು ಭಂಗಿಯಾಗುತ್ತದೆ. ಹೀಗೆ ಒಂಬತ್ತೊಂಬತ್ತಲೆ ಎಂಬತ್ತೊಂದು. ಎದುರು ಬದಿಯ ದ್ವಾರಪಾಲಕನ ಕೆಳಗೆ ಆನೆ ಮತ್ತು ಬಸವ ಕೂಡಿಕೊಂಡ ಸಣ್ಣ ಶಿಲ್ಪವಿದೆ. ಮೈ ಎರಡು, ತಲೆ ಒಂದೇ. ಅಂಗೈಯಿಂದ ಒಂದು ಮೈ ಮರೆಮಾಡಿದರೆ ಅದೇ ತಲೆ ಆನೆಯದು, ಇನ್ನೊಂದು ಮೈ ಮರೆಮಾಡಿದರೆ ಬಸವನದು. ಬಹಳ ಜನ ಇದರ ಪಕ್ಕದಲ್ಲೇ ನಿಂತು ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ, ಇದನ್ನು ನೋಡುವುದೇ ಇಲ್ಲ. ಮೂರನೆಯದು ನಾಲ್ಕರಲ್ಲೂ ದೊಡ್ಡದು. ಅನಂತನ ಸುರುಳಿಯ ಮೇಲೆ ಕೂತ ವಿಷ್ಣು, ತ್ರಿವಿಕ್ರಮ, ಕಂಬದ ಬೋದಿಗೆಗಳಲ್ಲಿ ಮರದಡಿಯ ಜೋಡಿಗಳು, ಚಾವಣಿಯಂಚಿನಲ್ಲಿ ಮಾಸಿದ ವರ್ಣಚಿತ್ರದ ಕುರುಹು. ಇಲ್ಲಿರುವ ಚಾಲುಕ್ಯ ಮಂಗಳೇಶನ ಶಾಸನದ ಕಾಲ ಶಕ 500, ಕ್ರಿ.ಶ. 578. ಅಲ್ಲೇ ಇರುವ ಅವನ ಕನ್ನಡ ಶಾಸನ ಈ ಗುಹೆಯನ್ನು ‘ಕಲ್ಮನೆ’ ಎನ್ನುತ್ತದೆ. ಗುಹಾಲಯ, ಗುಹಾಂತರ ದೇವಾಲಯ ಎಂದೆಲ್ಲ ನಾವು ಬರೆಯುತ್ತೇವೆ, ಆ ಕಾಲದವರ ಬಾಯಲ್ಲಿ ಇಷ್ಟು ಚೊಕ್ಕ ಪದವಿತ್ತು.

ವೇಳೆ ಉಳಿದರೆ ಹೊಂಡದ ಬಡಗಣ ದಂಡೆ ಹಿಡಿದು, ವಸ್ತುಸಂಗ್ರಹಾಲಯ ದಾಟಿ, ತಟ್ಟುಕೋಟೆ ಕಡೆಯ ಬಂಡೆಗೆ ಹೋಗಿ. ‘ಕಪ್ಪೆ ಅರಭಟ್ಟನ ಶಾಸನ’ ಎಂದರೆ ಊರವರು ತೋರಿಸುತ್ತಾರೆ. ಸುಮಾರು ಕ್ರಿ.ಶ. 700ರದು, ಕನ್ನಡ ತ್ರಿಪದಿಯ ಅತಿ ಹಳೆಯ ಮಾದರಿ. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂಬ ಸಾಲು ಬಂಡೆಯ ಮೇಲಿದೆ. ಬೀಸುವ ಕಲ್ಲಿನ ಮುಂದೆ ನಮ್ಮ ಅಜ್ಜಿಯರು ಹಾಡುತ್ತಿದ್ದ ಮೂರು ಸಾಲಿನ ಧಾಟಿಯೇ ಅದು. ಅಲ್ಲಿ ನಿಂತು ಒಮ್ಮೆ ಗಟ್ಟಿಯಾಗಿ ಓದಿ.

ಎಲ್ಲ ಗುಡಿಯಲ್ಲೂ ಕಾಯಿ ಒಡೆಸಬಹುದೇ? ಊದಿನಕಡ್ಡಿ ಹಚ್ಚಲು ಬಿಡುವುದಿಲ್ಲವೆನ್ನುತ್ತಾರೆ.
– ಗೃಹಿಣಿ, ಬೈಲಹೊಂಗಲ

ಬನಶಂಕರಿ, ಮಹಾಕೂಟೇಶ್ವರ, ಪಟ್ಟದಕಲ್ಲಿನ ವಿರೂಪಾಕ್ಷ, ಈ ಮೂರರಲ್ಲಿ ಪೂಜೆ ನಡೆಯುತ್ತದೆ. ಈ ಸುತ್ತಾಟದ ಉಳಿದ ಸ್ಮಾರಕಗಳಲ್ಲಿ ಎಣ್ಣೆ, ಕುಂಕುಮ, ಕರ್ಪೂರ ಬೇಡ. ಇಲ್ಲಿನದು ಮರಳುಗಲ್ಲು, ಕರಿಕಲ್ಲಿನಷ್ಟು ಗಟ್ಟಿಯಲ್ಲ. ಎಣ್ಣೆಯನ್ನು ಹೀರಿಕೊಳ್ಳುತ್ತದೆ, ಆ ಜಿಡ್ಡಿಗೆ ಧೂಳು, ಹೊಗೆಮಸಿ ಅಂಟುತ್ತದೆ, ಅದನ್ನು ತೆಗೆಯಹೋದರೆ ಕಲ್ಲಿನ ಪದರವೇ ಉದುರುತ್ತದೆ. ಕೈಯಾಡಿಸುವುದೂ ಹಾಗೇ, ದಿನಕ್ಕೆ ಸಾವಿರ ಕೈ ಸವರಿದರೆ ಮೂಗು, ಬೆರಳು ಸವೆಯುತ್ತವೆ. ದಯವಿಟ್ಟು ಕೈಮುಗಿದಷ್ಟೇ ಬನ್ನಿ. ಮಹಾಕೂಟದ ಪುಷ್ಕರಿಣಿಗೆ ಬುಗ್ಗೆಯ ನೀರು. ನಡುವಿನ ಸಣ್ಣ ಮಂಟಪದಲ್ಲಿ ಪಂಚಮುಖಿ ಲಿಂಗವಿದೆ. ಮೆಟ್ಟಿಲು ಪಾಚಿಗಟ್ಟಿರುತ್ತದೆ, ಈಜು ಬಾರದವರು ಮೇಲಿನ ಮೆಟ್ಟಿಲಲ್ಲೇ ಕಾಲು ತೊಳೆದುಕೊಳ್ಳಿ.

ಊಟಕ್ಕೆ ಎಲ್ಲಿ? ಊರಿಗೆ ಏನು ತರಬೇಕು?
– ಓದುಗ, ಬೆಳಗಾವಿ

ಊಟಕ್ಕೆ ಬನಶಂಕರಿ ಗುಡಿಯ ಹೊರಗೆ, ಮರದ ನೆರಳಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರ ಕಡೆ. ಖಡಕ್ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಎಣಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪುಖಾರ, ಪುಟ್ಟ ಮಡಕೆಯಲ್ಲಿ ಗಟ್ಟಿ ಮೊಸರು. ಮನೆಯಲ್ಲಿ ಮಾಡಿ ತಂದದ್ದು, ತಂದಷ್ಟೇ ಇರುತ್ತದೆ. ಎರಡೂವರೆ ಮೂರಕ್ಕೆ ಹೋದರೆ ಪಲ್ಯ ಮುಗಿದಿರುತ್ತದೆ. ಕೈತೊಳೆಯುವ ನೀರು, ಕುಡಿಯುವ ನೀರು ನಿಮ್ಮದಿರಲಿ. ಮಕ್ಕಳಿಗೆ ಕೆಂಪುಖಾರ ಮೊದಲೇ ಬೇಡವೆನ್ನಿ, ಬಡಿಸಿದ ಮೇಲೆ ತೆಗೆಯಲಾಗದು.

ತರುವುದಾದರೆ ಅಮೀನಗಡದ ಕರದಂಟು, ಗುಳೇದಗುಡ್ಡದ ಖಣ. ಕರದಂಟಿನಲ್ಲಿ ಹುರಿದ ಅಂಟು, ಒಣಕೊಬ್ಬರಿ, ಗೋಡಂಬಿ-ಬದಾಮಿ, ಬೆಲ್ಲ, ತುಪ್ಪ ಇರುತ್ತವೆ. ಮುರಿದರೆ ಎಳೆಯಾಗದೆ ಕಟ್ಟನೆ ಮುರಿಯಬೇಕು, ಒಳಗೆ ಅಂಟು ಹರಳಾಗಿ ಕಾಣಬೇಕು. ಹಲ್ಲಿಗೆ ಬಲೆಬಲೆಯಾಗಿ ಅಂಟಿದರೆ ಪಾಕ ಎಳೆಯದು, ಬಹಳ ದಿನ ಇರುವುದಿಲ್ಲ. ಐಹೊಳೆಗೆ ಅಮೀನಗಡದ ಮೇಲಿಂದ ಹೋಗುವವರಿಗೆ ಬೆಳಗಿನ ಜಾವ ಅಂಗಡಿ ತೆರೆದಿರುವುದಿಲ್ಲ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಯಾವ ತಿಂಗಳು ಒಳ್ಳೆಯದು? ಜಾತ್ರೆಯಲ್ಲಿ ಹೋದರೆ ಹೇಗೆ?
– ನಿವೃತ್ತ ಕಂಡಕ್ಟರ್, ಇಂಡಿ

ದಸರೆಯಿಂದ ಶಿವರಾತ್ರಿಯವರೆಗೆ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತದೆ, ಬೇಡ. ಶ್ರಾವಣದ ಜೋರು ಮಳೆಯಲ್ಲಿ ಬಾದಾಮಿಯ ಗುಡ್ಡದಿಂದ ಅಕ್ಕ-ತಂಗಿ ಜಲಧಾರೆ ಧುಮುಕುವುದನ್ನು ನೋಡಬಹುದು. ಆದರೆ ನವಿಲುತೀರ್ಥದ ಅಣೆಕಟ್ಟೆಯಿಂದ ಮಲಪ್ರಭೆಗೆ ನೀರು ಬಿಟ್ಟ ಸುದ್ದಿ ಬಂದರೆ ಪಟ್ಟದಕಲ್ಲಿನ ಕಡೆ ಹೊರಡಬೇಡಿ. 2019ರ ಆಗಸ್ಟಿನಲ್ಲಿ ನೀರು ಗುಡಿಗಳ ಆವರಣಕ್ಕೇ ನುಗ್ಗಿತ್ತು.

ಬನದ ಹುಣ್ಣಿಮೆಗೆ ತೇರು, ಆಮೇಲೆ ವಾರಗಟ್ಟಲೆ ಜಾತ್ರೆ, ರಾತ್ರಿಯಿಡೀ ಕಂಪನಿ ನಾಟಕ. ಅದನ್ನು ನೋಡುವುದಿದ್ದರೆ ನಾಟಕಕ್ಕೆಂದೇ ಹೋಗಿ, ಗುಡಿಗಳ ಸುತ್ತಾಟವನ್ನು ಅದಕ್ಕೆ ಗಂಟುಹಾಕಬೇಡಿ. ತೇರಿನ ದಿನ ಬಾದಾಮಿಯಿಂದ ಬನಶಂಕರಿಯ ಐದು ಕಿಲೋಮೀಟರಿಗೆ ಗಾಡಿಗಿಂತ ನಡೆದುಹೋಗುವವರೇ ಮೊದಲು ಮುಟ್ಟುತ್ತಾರೆ. ನಾಟಕ ನೋಡುವವರು ಹಾಸಿಗೆಯ ವ್ಯವಸ್ಥೆಯನ್ನು ಬಾದಾಮಿಯಲ್ಲಿ ಹದಿನೈದು ದಿನ ಮುಂಚೆಯೇ ಮಾಡಿಕೊಂಡು, ಒಂದು ದಪ್ಪ ಕೌದಿ ತೆಗೆದುಕೊಂಡು ಹೋಗಿ. ಆ ಬಯಲಲ್ಲಿ ಪುಷ್ಯ ಮಾಸದ ಚಳಿ ಎರಡನೆಯ ಅಂಕಕ್ಕೇ ಏರುತ್ತದೆ.